ಕೀಬೋರ್ಡ್ ಬಂದವರ ಕಡೆ ಇರಲಿ: ಕಲಬುರಗಿಯಲ್ಲಿ ಮುಕ್ತ ತಂತ್ರಾಂಶದ ಸ್ಟಾಲ್ ಹಾಕಿದ ನನ್ನ ಅನುಭವ

ಬ್ರಸೆಲ್ಸ್‌ನಲ್ಲಿ ಪ್ರತಿ ವರ್ಷ ಫೆಬ್ರುವರಿ ಹೊತ್ತಿಗೆ ಫಾಸ್ಡೆಮ್ ಅಂತ ಮುಕ್ತ ತಂತ್ರಾಂಶದ (ಯಾರು ಬೇಕಾದರೂ ಬಳಸಿ, ತಿದ್ದಿ, ಹಂಚಬಹುದಾದ ತಂತ್ರಾಂಶ) ದೊಡ್ಡ ಕೂಟ ನಡೆಯುತ್ತದೆ. ಟಿಕೆಟ್ ಇಲ್ಲ, ಹೆಸರು ನೋಂದಾಯಿಸುವುದೂ ಇಲ್ಲ. ಸ್ಟಾಲ್ ಬೇಕಾದ ಯೋಜನೆಗಳು, ಅಂದರೆ ಒಂದೊಂದು ತಂತ್ರಾಂಶ ಕಟ್ಟುವ ಗುಂಪುಗಳು, ಮೊದಲೇ ಅರ್ಜಿ ಹಾಕುತ್ತವೆ, ಸಂಘಟಕರು ಆರಿಸಿ ಮೇಜು ಕೊಡುತ್ತಾರೆ. ಕಲಬುರಗಿಯಲ್ಲಿ ಹಾಗೆ ಅರ್ಜಿ ಕರೆದು ಕೂತರೆ ಒಂದೂ ಬರಲ್ಲ. ಇಲ್ಲಿ ಯಾವ ಯೋಜನೆಯ ಕಚೇರಿಯೂ ಇಲ್ಲ. ಇರುವುದು ಮುಕ್ತ ಕಚೇರಿ ತಂತ್ರಾಂಶವಾದ ಲಿಬ್ರೆಆಫೀಸ್‌ನಲ್ಲೇ ಪ್ರಶ್ನೆಪತ್ರಿಕೆ ತಯಾರಿಸುವ ಒಬ್ಬ ಮೇಷ್ಟ್ರು, ವಿಕಿಪೀಡಿಯಕ್ಕೆ ಬರೆಯುವ ಒಬ್ಬ ವಿದ್ಯಾರ್ಥಿನಿ, ಹಳೇ ಲ್ಯಾಪ್‌ಟಾಪಿಗೆ ವಿಂಡೋಸ್ ಬದಲು ಡೆಬಿಯನ್ ಲಿನಕ್ಸ್ ಹಾಕಿಕೊಂಡ ಒಬ್ಬ ಬ್ಯಾಂಕ್ ನೌಕರ. ಇಂಥವರನ್ನು ಒಬ್ಬೊಬ್ಬರನ್ನಾಗಿ ಹುಡುಕಿ, "ಈ ಊರಿಗೆ ಆ ಯೋಜನೆ ಅಂದ್ರೆ ನೀವೇ, ಬಂದು ನಿಲ್ರಿ" ಅನ್ನಬೇಕು. ತಂತ್ರಾಂಶ ಸ್ವಾತಂತ್ರ್ಯ ದಿನದ ಹೆಸರಲ್ಲಿ ಊರಲ್ಲಿ ನಾವು ಮಾಡಿದ ಪ್ರದರ್ಶನದ ಸ್ಟಾಲ್‌ಗಳೆಲ್ಲ ಹುಟ್ಟಿದ್ದು ಹೀಗೆ.

ಸೂಪರ್ ಮಾರ್ಕೆಟ್ ಹತ್ತಿರ ನನ್ನದೊಂದು ಕಂಪ್ಯೂಟರ್ ರಿಪೇರಿ ಅಂಗಡಿ ಇದೆ. ವೈರು, ಪ್ಲಗ್ಗು, ಸ್ಕ್ರೂಡ್ರೈವರ್ ಇವನ ಹತ್ತಿರ ಇದ್ದೇ ಇರುತ್ತವೆ ಅನ್ನುವ ಒಂದೇ ಕಾರಣಕ್ಕೆ ಗೆಳೆಯರ ಬಳಗ ಸ್ಟಾಲ್‌ಗಳ ಜವಾಬ್ದಾರಿಯನ್ನು ನನ್ನ ತಲೆಗೆ ಕಟ್ಟಿತು. ಭಾಷಣ, ಅತಿಥಿಗಳು, ಶಾಲು-ಹಾರ ಎಲ್ಲ ಬೇರೆಯವರದು. ನನಗೂ ಅದೇ ಬೇಕಿತ್ತು.

ಮೊದಲು ದಿನದ ವಿಚಾರ. ತಂತ್ರಾಂಶ ಸ್ವಾತಂತ್ರ್ಯ ದಿನವನ್ನು 2004ರಿಂದ ಜಗತ್ತಿನ ಬೇರೆ ಬೇರೆ ಕಡೆ ಆಚರಿಸುತ್ತಾ ಬಂದಿದ್ದಾರೆ. ವಾಡಿಕೆಯಂತೆ ಅದು ಸೆಪ್ಟೆಂಬರ್ ತಿಂಗಳ ಮೂರನೇ ಶನಿವಾರ. ಅಂದರೆ 15ರಿಂದ 21ರ ಒಳಗೆ. ನಮ್ಮ ಕಡೆ ಸೆಪ್ಟೆಂಬರ್ 17 ಕಲ್ಯಾಣ ಕರ್ನಾಟಕ ಉತ್ಸವ. 1948ರಲ್ಲಿ ಹೈದರಾಬಾದ್ ಸಂಸ್ಥಾನ ಭಾರತಕ್ಕೆ ಸೇರಿದ ನೆನಪಿನ ದಿನ. ಅದರ ಆಸುಪಾಸಿನಲ್ಲೇ ಗಣಪತಿಯೂ ಬರಬಹುದು. ಆ ವಾರ ಸಭಾಂಗಣ ಸಿಗಲ್ಲ, ಶಾಮಿಯಾನದವರು ಫೋನ್ ಎತ್ತಲ್ಲ, ಮೈಕ್‌ನವರ ಮಾತಂತೂ ಬೇಡ. ಜಗತ್ತು ಮಾಡುವ ದಿನವೇ ನಾವೂ ಮಾಡಬೇಕು ಅಂತ ಹಟ ಹಿಡಿಯುವುದು ನನಗೆ ಸರಿ ಕಾಣಲ್ಲ. ಒಂದು ವಾರ ಆಚೆ ಹಾಕಿದರೆ ಅರ್ಧ ತಲೆನೋವು ಕಮ್ಮಿ. ಹಾಗಂತ ಏಪ್ರಿಲ್-ಮೇಗೆ ಮಾತ್ರ ತಳ್ಳಬೇಡಿ. ಬಿಸಿಲು 40 ಡಿಗ್ರಿ ದಾಟಿದ ಮೇಲೆ ಜನವೂ ಬರಲ್ಲ, ಲ್ಯಾಪ್‌ಟಾಪೂ ತಡೆಯಲ್ಲ.

ನಮಗೆ ಸಿಕ್ಕಿದ್ದು ಒಂದು ಕಾಲೇಜಿನ ಸಭಾಂಗಣ. ಅಲ್ಲಿ ಕಾಲಿಟ್ಟ ತಕ್ಷಣ ನಾನು ನೋಡಿದ್ದು ವೇದಿಕೆಯನ್ನಲ್ಲ, ಗೋಡೆಯ ಸ್ವಿಚ್ ಬೋರ್ಡ್‌ಗಳನ್ನು. ಲೆಕ್ಕ ಸುಲಭ. ಸಾಮಾನ್ಯ ಸಾಕೆಟ್ 6 ಆಂಪಿಯರ್‌ನದು. 230 ವೋಲ್ಟ್‌ಗೆ ಗುಣಿಸಿದರೆ 1,380 ವ್ಯಾಟ್. ಲ್ಯಾಪ್‌ಟಾಪ್ ಚಾರ್ಜರ್ ಒಂದಕ್ಕೆ 65 ವ್ಯಾಟ್ ಹಿಡಿದರೆ 20 ಲ್ಯಾಪ್‌ಟಾಪಿಗೆ 1,300. ಕಾಗದದ ಮೇಲೆ ಒಂದೇ ಸಾಕೆಟ್ ಸಾಕು. ಆಮೇಲೆ ಯಾರೋ ಪುಣ್ಯಾತ್ಮರು ಚಾ ಕಾಯಿಸಲು 1,500 ವ್ಯಾಟ್‌ನ ಕೆಟಲ್ ತಂದು ಅದೇ ಬೋರ್ಡಿಗೆ ಚುಚ್ಚುತ್ತಾರೆ. ಅದಕ್ಕೇ ಹಿಂದಿನ ದಿನವೇ ಕಾಲೇಜಿನ ಎಲೆಕ್ಟ್ರಿಷಿಯನ್ ಜೊತೆ ಕೂತು, ಯಾವ ಸಾಕೆಟ್ ಯಾವ ಎಂಸಿಬಿ (ಲೋಡ್ ಹೆಚ್ಚಾದರೆ ತಾನೇ ಬೀಳುವ ಸ್ವಿಚ್) ಮೇಲಿದೆ ಅಂತ ಚೀಟಿ ಬರೆದು ಗೋಡೆಗೆ ಅಂಟಿಸಿದೆವು. ಒಂದು ಎಕ್ಸ್‌ಟೆನ್ಷನ್‌ಗೆ ಇನ್ನೊಂದು ಎಕ್ಸ್‌ಟೆನ್ಷನ್ ಸಿಕ್ಕಿಸುವುದನ್ನು ಪೂರ್ತಿ ಬಂದ್ ಮಾಡಿದೆ. ಕೂಲರ್‌ಗಳಿಗೆ ಬೇರೆ ಲೈನ್. ಚಾ ಹೊರಗಿನಿಂದ, ಫ್ಲಾಸ್ಕಿನಲ್ಲಿ. ಪ್ರಿಂಟರ್ ಬೇಕಾದರೆ ಇಂಕ್‌ಜೆಟ್ ಮಾತ್ರ, ಏಕೆಂದರೆ ಲೇಸರ್ ಪ್ರಿಂಟರ್ ಬಿಸಿಯಾಗುವಾಗ ಎಳೆಯುವ ಕರೆಂಟಿಗೆ ಪಕ್ಕದ ಮೇಜಿನ ಮಾನಿಟರ್ ಮಿಣುಕುತ್ತದೆ.

ಬ್ಯಾನರ್ ಬಗ್ಗೆ ಒಂದೇ ಮಾತು. ರಾಜ್ಯದಲ್ಲಿ ಪ್ಲಾಸ್ಟಿಕ್ ಫ್ಲೆಕ್ಸ್‌ಗೆ 2016ರಿಂದ ನಿಷೇಧ ಇದೆ, ಊರು ನೋಡಿದರೆ ಹಾಗನ್ನಿಸಲ್ಲ ಅಷ್ಟೇ. ನಾವು ಬಟ್ಟೆಯದೇ ಬರೆಸಿದೆವು.

ಈಗ ಮೇಜು. ನಾನು ಹಾಕಿದ ನಿಯಮ ಒಂದೇ: ಕೀಬೋರ್ಡ್ ಮತ್ತು ಪರದೆ ಬಂದವರ ಕಡೆ ತಿರುಗಿರಬೇಕು. ಕುರ್ಚಿ ಅವರಿಗೆ. ಸ್ವಯಂಸೇವಕರು ಪಕ್ಕದಲ್ಲಿ ನಿಲ್ಲಬೇಕು. ಕೇಳೋಕೆ ಸಣ್ಣ ವಿಷಯ, ಆದರೆ ಇದಕ್ಕೆ ಬಂದಷ್ಟು ವಿರೋಧ ಬೇರೆ ಯಾವುದಕ್ಕೂ ಬರಲಿಲ್ಲ. ಹುಡುಗರಿಗೆ ತಾವು ಕಲಿತಿದ್ದನ್ನು ತೋರಿಸುವ ಹುಮ್ಮಸ್ಸು. ಟರ್ಮಿನಲ್ (ಆಜ್ಞೆ ಟೈಪ್ ಮಾಡುವ ಕಿಟಕಿ) ತೆಗೆದು ಟಕಟಕ ಹೊಡೆದರೆ ಜನ ಬೆರಗಾಗುತ್ತಾರೆ ಅಂತ ಅವರ ನಂಬಿಕೆ. ಬೆರಗಾಗುತ್ತಾರೆ, ನಿಜ. ಆಮೇಲೆ ಸುಮ್ನೆ ಮುಂದೆ ಹೋಗುತ್ತಾರೆ. ಹಾಗಾಗಿ ಪ್ರತಿ ಸ್ಟಾಲ್‌ನವರಿಗೂ ಕೇಳಿದ್ದು ಒಂದೇ ಪ್ರಶ್ನೆ: ಬಂದವರು ಐದು ನಿಮಿಷದಲ್ಲಿ ತಮ್ಮ ಕೈಯಾರೆ ಏನು ಮಾಡಿ ಏಳುತ್ತಾರೆ? ಉತ್ತರ ಇಲ್ಲದವರಿಗೆ ಮೇಜು ಇಲ್ಲ. ಒಂದಿಬ್ಬರಿಗೆ ಬೇಜಾರಾಯಿತು, ಪರವಾಗಿಲ್ಲ.

ಬಾಗಿಲ ಹತ್ತಿರದ ಮೊದಲ ಮೇಜು ಓಪನ್‌ಸ್ಟ್ರೀಟ್‌ಮ್ಯಾಪ್‌ಗೆ ಕೊಟ್ಟೆ. 2004ರಲ್ಲಿ ಇಂಗ್ಲೆಂಡಿನಲ್ಲಿ ಶುರುವಾದ, ಯಾರು ಬೇಕಾದರೂ ತಿದ್ದಬಹುದಾದ ನಕ್ಷೆ ಇದು. ಲಿನಕ್ಸ್ ಗೊತ್ತಿಲ್ಲದವರು ಇರಬಹುದು, ತನ್ನ ಊರು ಗೊತ್ತಿಲ್ಲದವರು ಯಾರಿದ್ದಾರೆ? ಜೇವರ್ಗಿ, ಆಳಂದ, ಸೇಡಂ, ಅಫಜಲಪುರ ಅಂತ ಬಂದವರೆಲ್ಲ ಮೊದಲು ತಮ್ಮ ಊರು ಹುಡುಕುತ್ತಿದ್ದರು. ಮಗನ ಜೊತೆ ಬಂದಿದ್ದ ಚಿಂಚೋಳಿ ಕಡೆಯ ಹಿರಿಯರೊಬ್ಬರು, "ನಮ್ಮ ತಾಂಡಾ ಇದರಾಗ ಇಲ್ಲಲ್ರಿ" ಅಂದರು. ನಿಜವಾಗಿಯೂ ಇರಲಿಲ್ಲ. ಉಪಗ್ರಹದ ಚಿತ್ರ ಹಾಕಿದಾಗ ಮೊದಲು ಕೆರೆ ಗುರುತಿಸಿದರು. ಅಲ್ಲಿಂದ ಬೆರಳಿಟ್ಟು ಬಂಡಿ ದಾರಿ ಹಿಡಿದು ಬಂದರು, ಸೇವಾಲಾಲ್ ಗುಡಿ ಎಲ್ಲಿ, ಶಾಲೆ ಎಲ್ಲಿ ಅಂತ ಹೇಳುತ್ತಾ ಹೋದರು. ಮೌಸ್ ಹಿಡಿದು ರೂಢಿ ಇಲ್ಲ, ಬಾಣ ಪರದೆಯಾಚೆ ಓಡುತ್ತಿತ್ತು. ನಮ್ಮ ಹುಡುಗ ಕೈ ಚಾಚಿದ, ನಾನು ಅವನ ತೋಳು ಹಿಡಿದೆ. ಸ್ವಲ್ಪ ಹೊತ್ತಾಯಿತು, ಆದರೆ ಚುಕ್ಕೆ ಇಟ್ಟಿದ್ದು ಅವರೇ. ಹೆಸರನ್ನು ಮಗ ಕನ್ನಡದಲ್ಲಿ ಹೊಡೆದ.

"ಈಗ ನನ್ನ ಫೋನಿನಾಗ ಕಾಣ್ತದೇನ್ರಿ?" ಅಂತ ಕೇಳಿದರು. ಇಂಥ ಪ್ರಶ್ನೆಗೆ ಸ್ವಯಂಸೇವಕರು ತಯಾರಿರಬೇಕು. ಓಪನ್‌ಸ್ಟ್ರೀಟ್‌ಮ್ಯಾಪ್‌ನ ತಾಣದಲ್ಲಿ ಸಾಮಾನ್ಯವಾಗಿ ಕೆಲವೇ ನಿಮಿಷದಲ್ಲಿ ಕಾಣುತ್ತದೆ. ಆರ್ಗ್ಯಾನಿಕ್ ಮ್ಯಾಪ್ಸ್‌ನಂಥ ಆಫ್‌ಲೈನ್ ಆ್ಯಪ್‌ಗಳಲ್ಲಿ ನಕ್ಷೆ ಮತ್ತೆ ಅಪ್‌ಡೇಟ್ ಆದ ಮೇಲಷ್ಟೇ. ಇನ್ನೊಂದು ವಿಷಯವನ್ನು ಆ ಮೇಜಿನ ಮೇಲೆ ದಪ್ಪ ಅಕ್ಷರದಲ್ಲಿ ಬರೆದಿಟ್ಟಿದ್ದೆವು: ಗೂಗಲ್ ಮ್ಯಾಪ್ ನೋಡಿ ಇಲ್ಲಿ ನಕಲು ಮಾಡುವಂತಿಲ್ಲ. ಅದರ ಲೈಸೆನ್ಸ್ ಒಪ್ಪಲ್ಲ. ತಾವೇ ಕಂಡಿದ್ದು, ಅಥವಾ ಬಳಸಲು ಅನುಮತಿ ಇರುವ ಉಪಗ್ರಹ ಚಿತ್ರ, ಇವಿಷ್ಟೇ.

ಕನ್ನಡ ಟೈಪಿಂಗ್ ಮೇಜಿನ ಕಥೆ ಬೇರೆ. ಅಲ್ಲಿಗೆ ಬಂದವರಲ್ಲಿ ಡಿಟಿಪಿಯವರು, ಕಚೇರಿ ಗುಮಾಸ್ತರು ಜಾಸ್ತಿ. ಕೆ.ಪಿ. ರಾವ್ ಅವರ ವಿನ್ಯಾಸದ ಕೀಬೋರ್ಡಿಗೆ ಅವರ ಬೆರಳು ಒಗ್ಗಿಹೋಗಿರುತ್ತದೆ. ಲಿನಕ್ಸ್ ಅಂದರೆ ಎಲ್ಲ ಹೊಸದಾಗಿ ಕಲಿಯಬೇಕು ಅನ್ನುವ ಭಯ. ಲಿನಕ್ಸ್‌ನ ಕೀಬೋರ್ಡ್ ಪಟ್ಟಿಯಲ್ಲಿ ಅದೇ ವಿನ್ಯಾಸ 'ಕಗಪ' ಅನ್ನುವ ಹೆಸರಲ್ಲಿ ಇದೆ, ಬೇರೆ ಏನೂ ಇನ್‌ಸ್ಟಾಲ್ ಮಾಡಬೇಕಿಲ್ಲ. ಅದನ್ನು ಒತ್ತಿ, "ನಿಮ್ಮ ಹೆಸರು ಹೊಡೀರಿ" ಅಂತ ಸುಮ್ಮನಾದರೆ ಸಾಕು. ಪರದೆ ನೋಡದೆ ಹೊಡೆದು, ಆಮೇಲೆ ತಲೆಯೆತ್ತಿ ನಗುತ್ತಿದ್ದರು.

ಅವರ ನಿಜವಾದ ಗೋಳು ಹಳೇ ಫೈಲುಗಳದು. ಎಲ್ಲ ಕಂಪ್ಯೂಟರಿಗೂ ಒಂದೇ ಆದ ಅಕ್ಷರ ಸಂಕೇತ ಯೂನಿಕೋಡ್, ಅದಕ್ಕಿಂತ ಮೊದಲಿನ ಫಾಂಟಿನಲ್ಲಿ ಮಾಡಿದ್ದನ್ನು ಬೇರೆ ಕಂಪ್ಯೂಟರಿನಲ್ಲಿ ತೆಗೆದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಕಾಣುತ್ತವೆ. ಅದನ್ನು ಯೂನಿಕೋಡ್‌ಗೆ ಬದಲಿಸುವ ಮುಕ್ತ ಪರಿವರ್ತಕಗಳಿವೆ. "ನಿಮ್ಮ ಪೆನ್‌ಡ್ರೈವ್ ತನ್ನಿ, ನಿಮ್ಮದೇ ಫೈಲಿನ ಮೇಲೆ ನೋಡೋಣ" ಅಂತ ಮೊದಲೇ ಹೇಳಿಕಳಿಸಿದ್ದೆವು. ಒಬ್ಬರು ಇಡೀ ಒಂದು ಸ್ಮರಣ ಸಂಚಿಕೆ ತಂದಿದ್ದರು. ಬಹುಪಾಲು ಸರಿಯಾಗಿ ಬಂತು. ಎಡವಿದ್ದು ಅರ್ಕಾವೊತ್ತಿನಲ್ಲಿ. ಹಳೇ ಫಾಂಟಿನಲ್ಲಿ ಕಣ್ಣಿಗೆ ಕಾಣುವಂತೆ ಅರ್ಕಾವೊತ್ತು ಅಕ್ಷರದ ನಂತರ ಬರುತ್ತದೆ, ಯೂನಿಕೋಡ್‌ನಲ್ಲಿ ಉಚ್ಚಾರದಂತೆ ರಕಾರ ಮೊದಲು ಇರಬೇಕು. 'ಕಾರ್ಯಕ್ರಮ', 'ವರ್ಷ' ಇಂಥ ಪದಗಳನ್ನು ಕಣ್ಣಲ್ಲಿ ಕಣ್ಣಿಟ್ಟು ನೋಡಿ ಅಂತ ಹೇಳಿ ಕಳಿಸಿದೆವು. ನೂರಕ್ಕೆ ನೂರು ಸರಿ ಬರುತ್ತದೆ ಅಂತ ಹೇಳಿದ್ದರೆ ಮರುದಿನ ಅಂಗಡಿಗೆ ಬಂದು ಬೈಯುತ್ತಿದ್ದರು.

ವಿಕಿಪೀಡಿಯ ಮೇಜು ಹಾಕುವವರಿಗೆ ಒಂದು ಎಚ್ಚರಿಕೆ. ಒಂದೇ ಇಂಟರ್ನೆಟ್ ಸಂಪರ್ಕದಿಂದ ದಿನಕ್ಕೆ 6 ಹೊಸ ಖಾತೆ ಮಾತ್ರ ತೆರೆಯಲು ಬಿಡುತ್ತದೆ. ಏಳನೆಯವರು ಬಂದಾಗ ಮೇಜು ಅಲ್ಲೇ ನಿಂತಿತು ಅಂತಲೇ ಲೆಕ್ಕ. ಕಾರ್ಯಕ್ರಮ ಇದೆ ಅಂತ ಮುಂಚೆಯೇ ಕೋರಿಕೆ ಸಲ್ಲಿಸಿದರೆ ಆ ಮಿತಿಯನ್ನು ಆ ದಿನಕ್ಕೆ ಸಡಿಲಿಸುತ್ತಾರೆ. ಕೊನೆಯ ಗಳಿಗೆಯಲ್ಲಿ ಆಗಲ್ಲ. ಮೊಬೈಲ್ ಡೇಟಾ ಇದೆಯಲ್ಲ ಅನ್ನಬೇಡಿ, ಎಷ್ಟೋ ಸಲ ಆ ವಿಳಾಸಗಳಿಗೇ ತಡೆ ಇರುತ್ತದೆ. ಖಾತೆ ಇದ್ದವರಿಗೆ ಲೇಖನ ಬರೆಸುವುದಕ್ಕಿಂತ ಫೋಟೊ ಹಾಕಿಸುವುದು ಸುಲಭ. ಕಲಬುರಗಿ ಕೋಟೆ, ಹಫ್ತ್ ಗುಂಬಜ್, ಮಳಖೇಡ, ಸನ್ನತಿ, ಇವುಗಳ ಫೋಟೊ ಎಲ್ಲರ ಫೋನಿನಲ್ಲೂ ಇರುತ್ತದೆ. ತಾವೇ ತೆಗೆದಿದ್ದಾಗಿರಬೇಕು, ವಾಟ್ಸ್‌ಆ್ಯಪ್‌ನಲ್ಲಿ ಬಂದಿದ್ದು ಬೇಡ. ನೆಟ್ ಕೈಕೊಟ್ಟ ಹೊತ್ತಿಗೆ ಅಂತ ಕಿವಿಕ್ಸ್ ಅನ್ನುವ ಆ್ಯಪ್‌ನಲ್ಲಿ ಕನ್ನಡ ವಿಕಿಪೀಡಿಯವನ್ನು ಪೂರ್ತಿ ಇಳಿಸಿಟ್ಟುಕೊಂಡಿದ್ದೆವು. ಅದು ನೆಟ್ ಇಲ್ಲದೆಯೂ ಓದಲು ಸಿಗುತ್ತದೆ ಅಂದಾಗ ಹಳ್ಳಿ ಶಾಲೆಯ ಮೇಷ್ಟ್ರುಗಳು ಅಲ್ಲೇ ಪೆನ್‌ಡ್ರೈವ್ ಚಾಚಿದರು.

ಲಿನಕ್ಸ್ ಮೇಜಿಗೆ ಸಾಲು ಹೆಚ್ಚು. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿಯಿತಲ್ಲ, ಹೊಸದಕ್ಕೆ ಹೋಗಲಾರದ ಗಟ್ಟಿಮುಟ್ಟಾದ ಲ್ಯಾಪ್‌ಟಾಪುಗಳು ಮನೆಮನೆಯಲ್ಲಿ ಇವೆ. ಆದರೂ ಪ್ರದರ್ಶನದ ದಿನ ಯಾರ ಯಂತ್ರಕ್ಕೂ ಇನ್‌ಸ್ಟಾಲ್ ಮಾಡಬಾರದು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಬ್ಯಾಕಪ್ ಇಲ್ಲ, ಚಾರ್ಜರ್ ತಂದಿಲ್ಲ, ಮದುವೆ ಫೋಟೊ ಎಲ್ಲ ಅದರಲ್ಲೇ, ಹಿಂದೆ ನಾಲ್ಕು ಜನ ಕಾಯುತ್ತಿದ್ದಾರೆ. ಬೇಡವೇ ಬೇಡ. ಯಂತ್ರದಲ್ಲಿ ಏನೂ ಬದಲಿಸದೆ, ಪೆನ್‌ಡ್ರೈವ್‌ನಿಂದಲೇ ಲೈವ್ ಆಗಿ ಓಡಿಸಿ ತೋರಿಸಿ. ವೈಫೈ, ಸೌಂಡ್, ಟಚ್‌ಪ್ಯಾಡ್ ನಡೆಯುತ್ತವೆಯೇ ಅಂತ ಅವರೇ ನೋಡಲಿ. ಸೆಕ್ಯೂರ್ ಬೂಟ್ (ಸಹಿ ಇಲ್ಲದ ತಂತ್ರಾಂಶದಿಂದ ಯಂತ್ರ ಏಳದಂತೆ ತಡೆಯುವ ಕಾವಲು) ಆಫ್ ಮಾಡಬೇಡಿ. ಡಿಸ್ಕಿಗೆ ಬೀಗ ಹಾಕುವ ವಿಂಡೋಸ್‌ನ ಬಿಟ್‌ಲಾಕರ್ ಇದ್ದ ಯಂತ್ರ ಆಮೇಲೆ ರಿಕವರಿ ಕೀ ಕೇಳುತ್ತದೆ, ಅದು ಅವರಿಗೆ ಗೊತ್ತಿರಲ್ಲ. ಲಿನಕ್ಸ್‌ನ ಉಬುಂಟು, ಮಿಂಟ್ ಎರಡೂ ಸೆಕ್ಯೂರ್ ಬೂಟ್ ಇದ್ದಂತೆಯೇ ಏಳುತ್ತವೆ. ಹತ್ತು ಐಎಸ್‌ಒ (ಲಿನಕ್ಸ್ ಪೂರ್ತಿ ಇರುವ ಒಂದೊಂದು ಫೈಲು) ತುಂಬಿ, ಬೇಕಾದ್ದರಿಂದ ಏಳಿಸಬಹುದಾದ ವೆಂಟಾಯ್ ಪೆನ್‌ಡ್ರೈವ್ ನನಗೆ ಅಂಗಡಿಯಲ್ಲಿ ಬಲು ಇಷ್ಟ. ಆದರೆ ಸೆಕ್ಯೂರ್ ಬೂಟ್ ಇದ್ದಲ್ಲಿ ಅದು ಮೊದಲು ತನ್ನ ಕೀಯನ್ನು ಸೇರಿಸಲು ಕೇಳುತ್ತದೆ. ಬೇರೆಯವರ ಯಂತ್ರಕ್ಕೆ ಅದು ಬೇಡ. ಒಂದು ಪೆನ್‌ಡ್ರೈವ್‌ಗೆ ಒಂದೇ ಐಎಸ್‌ಒ ಬರೆದುಕೊಳ್ಳಿ. ಇನ್‌ಸ್ಟಾಲ್ ಬೇಕೆಂದವರ ಹೆಸರು ಬರೆದುಕೊಂಡು, ಬ್ಯಾಕಪ್ ತೆಗೆದುಕೊಂಡು ಬರುವ ಭಾನುವಾರ ಬನ್ನಿ ಅಂತ ಚೀಟಿ ಕೊಟ್ಟೆವು.

ಮಕ್ಕಳ ಮೇಜು ಸಭಾಂಗಣದ ತುದಿಯಲ್ಲಿರಲಿ. ಮಕ್ಕಳು ಅಪ್ಪ-ಅಮ್ಮನನ್ನು ಎಳೆದುಕೊಂಡು ಹೋಗುವಾಗ ದಾರಿಯಲ್ಲಿ ಉಳಿದ ಮೇಜುಗಳೂ ಕಣ್ಣಿಗೆ ಬೀಳುತ್ತವೆ. ಮಕ್ಕಳು ಚಿತ್ರ ಬಿಡಿಸುವ ತಂತ್ರಾಂಶ ಟಕ್ಸ್ ಪೇಂಟ್ ಹಾಕಿದ್ದೆವು. ಅದರ ಸೆಟ್ಟಿಂಗ್‌ನಲ್ಲಿ ಎರಡು ಒಳ್ಳೆಯ ಅನುಕೂಲಗಳಿವೆ: ಮಕ್ಕಳು ಅದನ್ನು ಮುಚ್ಚದಂತೆ ತಡೆಯಬಹುದು, ಮತ್ತು ಒಂದು ಪ್ರಿಂಟಿಗೂ ಇನ್ನೊಂದಕ್ಕೂ ನಡುವೆ ಇಷ್ಟು ಹೊತ್ತು ಕಾಯಬೇಕು ಅಂತ ಹೇಳಬಹುದು. ಎರಡನೆಯದು ಇಲ್ಲದಿದ್ದರೆ ಮಧ್ಯಾಹ್ನದೊಳಗೆ ಇಂಕ್ ಖಾಲಿ.

ಎಲ್ಲ ಮೇಜಿಗೂ ಬಂದ ಪ್ರಶ್ನೆ ಒಂದೇ: "ಟ್ಯಾಲಿ ನಡೀತದೇನ್ರಿ?" ದಾಲ್ ಮಿಲ್ ಲೆಕ್ಕ ಬರೆಯುವವರ ಊರಲ್ಲಿ ಇದನ್ನು ಕೇಳದೆ ಇನ್ನೇನು ಕೇಳುತ್ತಾರೆ? ಲಿನಕ್ಸ್‌ನಲ್ಲಿ ಅದು ನೇರವಾಗಿ ನಡೆಯಲ್ಲ. ವಿಂಡೋಸ್ ತಂತ್ರಾಂಶವನ್ನು ಲಿನಕ್ಸ್‌ನಲ್ಲಿ ಓಡಿಸುವ ವೈನ್ ಹಾಕಿ ಹೇಗೋ ಏಳಿಸಬಹುದು ಅಂತ ಕೆಲವರು ಹೇಳುತ್ತಾರೆ, ಆದರೆ ಜಿಎಸ್‌ಟಿ ತುಂಬುವ ದಿನ ಅದನ್ನು ನಂಬಿ ಅನ್ನಲು ನನಗೆ ಬಾಯಿ ಬರಲ್ಲ. "ನಡೆಯಲ್ರಿ, ಲೆಕ್ಕದ ಕಂಪ್ಯೂಟರ್ ಹಾಗೇ ಇರಲಿ, ಮನೆಯದಕ್ಕೆ ಹಾಕಿಕೊಳ್ಳಿ" ಅನ್ನಲು ಎಲ್ಲ ಸ್ವಯಂಸೇವಕರಿಗೂ ಹೇಳಿಕೊಟ್ಟಿದ್ದೆ. ಇಲ್ಲ ಅನ್ನುವುದನ್ನು ಇಲ್ಲ ಅಂದವರ ಮಾತನ್ನೇ ಜನ ಉಳಿದ ವಿಷಯಕ್ಕೂ ನಂಬಿದರು.

ಸ್ವಯಂಸೇವಕರು ಒಂದು ಮೇಜಿಗೆ ಮೂವರು ಬೇಕು. ಇಬ್ಬರು ನಿಂತಾಗ ಒಬ್ಬರು ಊಟಕ್ಕೆ ಹೋಗಬಹುದು, ಬೇರೆ ಸ್ಟಾಲ್ ನೋಡಿ ಬರಬಹುದು. ಮೂವರಲ್ಲಿ ಒಬ್ಬರಿಗಾದರೂ ದಖ್ಖನಿ ಉರ್ದು ಬರಬೇಕು, ಮರಾಠಿ ಬಂದರೆ ಇನ್ನೂ ಒಳ್ಳೆಯದು. ಕನ್ನಡ ಒಂದೇ ಸಾಕು ಅನ್ನುವವರು ಈ ಊರಿನ ಸಂತೆಗೆ ಬಂದಿಲ್ಲ. ಉದ್ಯಾನ್ ಎಕ್ಸ್‌ಪ್ರೆಸ್‌ನಲ್ಲಿ ಬೆಂಗಳೂರಿನಿಂದ ಬಂದ ಗೆಳೆಯರಿಗೆ ಮೇಜು ಕೊಡಲಿಲ್ಲ. ಅವರನ್ನು ಮೇಜಿನಿಂದ ಮೇಜಿಗೆ ತಿರುಗಲು ಬಿಟ್ಟೆ, ನಮ್ಮ ಹುಡುಗರು ಸಿಕ್ಕಿಬಿದ್ದಾಗ ಮಾತ್ರ ಕೈ ಜೋಡಿಸಲಿ ಅಂತ. ಅವರೇ ಕೂತರೆ ನಮ್ಮವರು ಹಿಂದೆ ಸರಿಯುತ್ತಾರೆ, ಅವರು ರೈಲು ಹತ್ತಿದ ಮೇಲೆ ಊರಲ್ಲಿ ಕೇಳೋಕೆ ಯಾರೂ ಇರಲ್ಲ. ಊಟಕ್ಕೆ ಜೋಳದ ರೊಟ್ಟಿ, ಪುಂಡಿ ಪಲ್ಯ, ಶೇಂಗಾ ಹಿಂಡಿ ಇತ್ತು. ಅದರ ಬಗ್ಗೆ ಯಾರೂ ದೂರಲಿಲ್ಲ.

ಚೀಟಿ ತೆಗೆದುಕೊಂಡವರಲ್ಲಿ ಸುಮಾರು ಅರ್ಧದಷ್ಟು ಜನ ಮುಂದಿನ ಭಾನುವಾರ ಅಂಗಡಿಗೆ ಬಂದರು. ಎಕ್ಸ್‌ಟೆನ್ಷನ್ ಬೋರ್ಡ್‌ಗಳು, ಪೆನ್‌ಡ್ರೈವ್‌ಗಳು, ಬಟ್ಟೆ ಬ್ಯಾನರ್ ಎಲ್ಲ ಈಗ ಒಂದು ಟ್ರಂಕಿನಲ್ಲಿ ನನ್ನ ಹತ್ತಿರವೇ ಇವೆ. ಬೀದರ್‌ನ ಗೆಳೆಯರು ತಮ್ಮಲ್ಲೂ ಮಾಡುತ್ತೇವೆ, ಕೊಡ್ತೀರಾ ಅಂತ ಕೇಳಿದ್ದಾರೆ. ಟ್ರಂಕ್ ಕೊಡುತ್ತೇನೆ. ಐಎಸ್‌ಒಗಳು ಮಾತ್ರ ಹಳೆಯದಾಗಿವೆ, ಅವರೇ ಹೊಸದು ಇಳಿಸಿಕೊಂಡು ಬರೆದುಕೊಳ್ಳಬೇಕು.