ಬಣ್ಣ ನೋಡಬ್ಯಾಡ, ಬೆಡ್ ನೋಡು

ಬೆಳಗಾವಿಯ ಟಿಳಕವಾಡಿಯಲ್ಲಿರುವ ನಮ್ಮ ಮನೆಯ ಹಿಂದೆ ಒಂದು ತಗಡಿನ ಶೆಡ್ ಇದೆ. 10 ಅಡಿಗೆ 14 ಅಡಿ. ಅಲ್ಲೊಂದು ಲೇತ್, ಅಂದರೆ ಲೋಹದ ತುಂಡನ್ನು ತಿರುಗಿಸುತ್ತಾ ಕಡೆಯುವ ಯಂತ್ರ, ಕೂರಿಸಬೇಕು ಅನ್ನೋದು ನನ್ನ ಬಹಳ ವರ್ಷದ ಆಸೆ. ಕಾಕಾ ಇಲ್ಲಿನ ಕೈಗಾರಿಕಾ ಪ್ರದೇಶ ಉದ್ಯಮಬಾಗದಲ್ಲಿ ಟರ್ನರ್, ಅಂದರೆ ಲೇತ್ ಕೆಲಸದವರು, ಆಗಿದ್ದವರು. ಅವರನ್ನು ಕೇಳಿದೆ. ಅವರು ತಿರುಗಿ ನನ್ನನ್ನೇ ಕೇಳಿದರು: "ಏನ್ ಮಾಡಾಂವ ಅದರಾಗ?"

ಆ ಪ್ರಶ್ನೆಗೆ ಉತ್ತರ ಹುಡುಕುತ್ತಲೇ ಒಂದು ವಾರ ಹೋಯಿತು. ಕಬ್ಬಿನ ಹಾಲಿನ ಗಾಣದ ಗನ್‌ಮೆಟಲ್ ಬುಶ್, ಹಳೇ ಬೈಕಿನ ಸ್ಪೇಸರ್, ಪಂಪಿನ ಶಾಫ್ಟ್. ಯಾವುದೂ 100 ಮಿ.ಮೀ. ದಪ್ಪ ಮೀರಲ್ಲ, 300 ಮಿ.ಮೀ. ಉದ್ದ ಮೀರಲ್ಲ. ಹಾಗಾಗಿ ನಾಲ್ಕೂವರೆ ಅಡಿ ಬೆಡ್ಡಿನ (ಬೆಡ್ ಅಂದರೆ ಲೇತಿನ ಭಾಗಗಳೆಲ್ಲ ಕೂರುವ ಉದ್ದನೆ ಕಬ್ಬಿಣದ ಹಳಿ) ಲೇತ್ ಸಾಕು ಅಂತ ಆಯಿತು.

ಹರಿಹರದ ಮೈಸೂರು ಕಿರ್ಲೋಸ್ಕರ್ ಮಾಡುತ್ತಿದ್ದ ಎಂಟರ್‌ಪ್ರೈಸ್ ಲೇತ್ ಸಿಕ್ಕರೆ ಬಿಡಬಾರದು ಅಂತ ಮನಸ್ಸಿನಲ್ಲಿತ್ತು. ಲಕ್ಷ್ಮಣರಾವ್ ಕಿರ್ಲೋಸ್ಕರ್ 1888ರಲ್ಲಿ ಸೈಕಲ್ ಅಂಗಡಿ ತೆರೆದದ್ದು ನಮ್ಮೂರಲ್ಲೇ, ಅಲ್ವಾ? ಆ ಅಭಿಮಾನ ನನಗಿದೆ. ಒಂದು ಗುಜರಿ ಅಂಗಡಿಯಲ್ಲಿ ಅಂಥದ್ದೇ ಕಾಣಿಸಿತು. ಹೊಸ ಹಸಿರು ಬಣ್ಣ, ಫಳಫಳ. ನಾನು ಮುಂಗಡ ಕೊಡಲು ಕೈ ಜೇಬಿಗೆ ಹಾಕಿದ್ದೆ.

"ತಡಿಯೋ ತಮ್ಮಾ, ಬಣ್ಣ ನೋಡಬ್ಯಾಡ, ಬೆಡ್ ನೋಡು" ಅಂದರು ಕಾಕಾ. ಟೂಲ್ ಹೊತ್ತು ಬೆಡ್ ಮೇಲೆ ಓಡುವ ಕ್ಯಾರೇಜನ್ನು ತುಂಡು ಹಿಡಿಯುವ ಚಕ್ ಹತ್ತಿರ ತಂದು, ಲಾಕ್ ಬೋಲ್ಟನ್ನು ತುಸುವೇ ಬಿಗಿ ಮಾಡಿ, ಇನ್ನೊಂದು ತುದಿಯ ಟೇಲ್‌ಸ್ಟಾಕ್ ಕಡೆ ಓಡಿಸಿದರು. ಅರ್ಧ ದಾರಿಯಲ್ಲೇ ಅದು ಹಿಡಿದುಕೊಂಡು ನಿಂತಿತು. ಕೆಲಸವೆಲ್ಲ ಆಗೋದು ಚಕ್ ಪಕ್ಕದಲ್ಲಿ, ಬೆಡ್ ಸವೆಯೋದೂ ಅಲ್ಲೇ. ಇನ್ನೊಂದು ತುದಿ ಹೊಸದರಂತೆಯೇ ಉಳಿದಿರುತ್ತದೆ. ಸವೆದ ಜಾಗಕ್ಕೆ ಹೊಂದುವಂತೆ ಬಿಗಿ ಮಾಡಿದ್ದು ಸವೆಯದ ಜಾಗದಲ್ಲಿ ಸಿಕ್ಕಿಬೀಳುತ್ತದೆ. ಅಂಥ ಬೆಡ್ಡನ್ನು ಮತ್ತೆ ಗ್ರೈಂಡ್ ಮಾಡಿಸುವ ಖರ್ಚು ಮನೆಯಲ್ಲಿ ಕೆಲಸ ಮಾಡುವ ನಮ್ಮಂಥವರಿಗೆ ತಾಳೋದಿಲ್ಲ. ನಾವು ಬಿಟ್ಟು ಬಂದೆವು.

ಎರಡು ತಿಂಗಳ ಮೇಲೆ ಬಣ್ಣ ಹೋದ, ಹೆಸರಿಲ್ಲದ ಒಂದು ಲೇತ್ ಸಿಕ್ಕಿತು. ಕ್ಯಾರೇಜ್ ಕೊನೆವರೆಗೂ ಒಂದೇ ಸಮ ಓಡಿತು. ಚಕ್ ತಿರುಗಿಸುವ ಸ್ಪಿಂಡಲ್ ಒಳಗೆ ರಾಡ್ ಹಾಕಿ ಮೇಲಕ್ಕೆ ಮೀಟಿದಾಗ, ಸಡಿಲ ಅಳೆಯುವ ಡಯಲ್ ಮುಳ್ಳು ಅಲುಗಿದ್ದು 0.02 ಮಿ.ಮೀ. ಅಷ್ಟೇ. ಗೇರ್‌ಗಳನ್ನೂ ಎಣಿಸಿದೆ. ಎಳೆ (ಥ್ರೆಡ್) ಹಾಕುವಾಗ ಕ್ಯಾರೇಜನ್ನು ಎಳೆಯುವ ಲೀಡ್ ಸ್ಕ್ರೂ ಇಂಚಿಗೆ 4 ಎಳೆಯದು. ಅದರಲ್ಲಿ ಮಿ.ಮೀ. ಎಳೆ ಕರಾರುವಾಕ್ಕಾಗಿ ಹಾಕಬೇಕಾದರೆ 127 ಹಲ್ಲಿನ ಗೇರ್ ಬೇಕು. ಅದು ಜೊತೆಗಿತ್ತು. ನೀವು ಕೊಳ್ಳುವಾಗ ಇದನ್ನು ಮರೆಯಬೇಡಿ, ಆಮೇಲೆ ಒಂದೇ ಗೇರ್ ಹುಡುಕೋದು ಬಹಳ ಕಷ್ಟ. ಲೇತ್‌ಗೆ 62,000 ರೂಪಾಯಿ ಕೊಟ್ಟೆ. ನಾಲ್ಕು ದವಡೆಯ ಚಕ್, ಡ್ರಿಲ್ ಚಕ್, ತಿರುಗುವ ಸೆಂಟರ್, ಟೂಲ್ ಬಿಟ್, ಮೈಕ್ರೋಮೀಟರ್, ಡಯಲ್ ಅಂತ ಮತ್ತೆ 24,000 ಹೋಯಿತು. ಆ ದುಡ್ಡು ಮೊದಲೇ ಬೇರೆ ತೆಗೆದಿಟ್ಟಿದ್ದಕ್ಕೆ ಬಚಾವಾದೆ.

ಮನೆಗೆ ಸಿಂಗಲ್ ಫೇಸ್ ಕರೆಂಟ್ ಮಾತ್ರ. ಮೋಟಾರ್ 2 ಎಚ್‌ಪಿ, ಮೂರು ಫೇಸಿನದು. ಆರೂ ವೈರ್ ತುದಿ ಹೊರಗಿದ್ದುದರಿಂದ ಡೆಲ್ಟಾ (ತ್ರಿಕೋನ) ಜೋಡಿಸಿ, ಸಿಂಗಲ್ ಫೇಸನ್ನು ಮೂರು ಫೇಸ್ ಮಾಡುವ 230 ವೋಲ್ಟಿನ ಡ್ರೈವ್ ಹಾಕಿಸಿದೆ. ವೇಗವೂ ಕೈಗೆ ಬಂತು.

ಮೊದಲ ಶಾಫ್ಟ್ ತಿರುಗಿಸಿದಾಗ 150 ಮಿ.ಮೀ. ಉದ್ದಕ್ಕೆ 0.08 ಮಿ.ಮೀ. ಟೇಪರ್ ಬಂತು, ಅಂದರೆ ಒಂದು ತುದಿ ದಪ್ಪ, ಇನ್ನೊಂದು ಸಣ್ಣ. ನನ್ನ ಎದೆ ಧಸಕ್ ಅಂತು. ಲೇತ್ ಕೆಟ್ಟಿರಲಿಲ್ಲ. ನೆಲ ಸಮ ಇಲ್ಲದೆ ಬೋಲ್ಟ್ ಬಿಗಿದಿದ್ದಕ್ಕೆ ಬೆಡ್ ತಿರುಚಿಕೊಂಡಿತ್ತು. ಟೇಲ್‌ಸ್ಟಾಕ್ ಕಡೆಯ ಕಾಲಿನಡಿ ತೆಳು ತಗಡು ಕೊಟ್ಟು, ಶಾಫ್ಟ್ ತಿರುಗಿಸಿ ಅಳೆದು, ಮತ್ತೆ ತಗಡು ಕೊಟ್ಟು, ಒಂದು ಭಾನುವಾರ ಪೂರ್ತಿ ಕಳೆದ ಮೇಲೆ 0.01ಕ್ಕೆ ಬಂತು.

ತುಂಡನ್ನು ನಿಲ್ಲಿಸಿ, ತಿರುಗುವ ಟೂಲಿನಿಂದ ಕಡೆಯುವ ಮಿಲ್ಲಿಂಗ್ ಮಷೀನ್ ಒಂದು ವರ್ಷ ಬಿಟ್ಟು ತಂದೆ. ಇದರಲ್ಲಿ ಮಾತ್ರ ಆತುರ ಮಾಡಿದೆ. ಕಡಿಮೆಗೆ ಸಿಕ್ಕಿತೆಂದು ದುಂಡು ಕಂಬದ್ದು ಕೊಂಡೆ. ಉದ್ದ ಡ್ರಿಲ್ ಹಾಕಲು, ಟೂಲ್ ತಿರುಗಿಸುವ ಹೆಡ್ ಎತ್ತಿದರೆ ಸಾಕು, ಅದು ಕಂಬದ ಸುತ್ತ ಸರಿದು ಹಿಡಿದ ಸೆಂಟರ್ ತಪ್ಪುತ್ತದೆ. ಎರಡು ಬ್ರ್ಯಾಕೆಟ್ ಹಾಳಾದವು. ಮಾರಿ, ಹೆಡ್ ನೇರ ಮೇಲೆ-ಕೆಳಗೆ ಮಾತ್ರ ಓಡುವ ಡವ್‌ಟೇಲ್ ಕಂಬದ್ದು ತಂದೆ. ಮಿಲ್ಲಿಂಗ್ ಟೂಲಾದ ಎಂಡ್‌ಮಿಲ್ಲನ್ನು ಡ್ರಿಲ್ ಚಕ್ಕಿನಲ್ಲಿ ಹಿಡಿಯಬೇಡಿ, ಪಕ್ಕದ ಒತ್ತಡಕ್ಕೆ ಅದು ಕಳಚಿ ಬೀಳಬಹುದು. ಟೂಲನ್ನು ಸುತ್ತಲೂ ಬಿಗಿಯಾಗಿ ಹಿಡಿಯುವ ಕೊಲೆಟ್ಟೇ ಬೇಕು.

ಬೆಳಗಾವಿ ಮಳೆಗಾಲ ನಿಮಗೆ ಗೊತ್ತೇ ಇದೆ. ಜೂನ್ ಬಂತೆಂದರೆ ರಾತ್ರಿ ಶೆಡ್ ಮುಚ್ಚುವ ಮುಂಚೆ ಎರಡಕ್ಕೂ ಎಣ್ಣೆ ಬಟ್ಟೆ ಎಳೆಯುತ್ತೇನೆ. ಈಗ ಕಾಕಾ ವಾರಕ್ಕೊಮ್ಮೆ ಬಂದು ಕೂರುತ್ತಾರೆ. ಮೊದಲು ಕೈ ಹೋಗೋದು ಬೆಡ್ಡಿನ ಮೇಲೆ.