ಆಫೀಸ್ ತಾರಸಿಗೆ ಚಿಟ್ಟೆ ಬರಬೇಕಾ? ಲಾನ್ ಬಿಡಿ, ಕರಿಬೇವು ನೆಡಿ

ಬೆಂಗಳೂರಿನ ಯಾವುದಾದರೂ ಎತ್ತರದ ಕಟ್ಟಡ ಹತ್ತಿ ಕೆಳಗೆ ನೋಡಿ. ಕಾಣುವುದೆಲ್ಲ ಬಿಸಿಲಿಗೆ ಕಾದ ಸಿಮೆಂಟು, ನೀರಿನ ಟ್ಯಾಂಕು, ಎಸಿ ಪೆಟ್ಟಿಗೆ. ಹೋಟೆಲು, ಶೋರೂಮು, ನರ್ಸಿಂಗ್ ಹೋಮು, ಐಟಿ ಕಂಪನಿ, ಹೀಗೆ ಎಲ್ಲರ ನೆತ್ತಿಯ ಮೇಲೂ ಒಂದಷ್ಟು ಖಾಲಿ ಜಾಗ ಸುಮ್ನೆ ಬಿದ್ದಿದೆ. ಹಸಿರು ತಾರಸಿ ಮಾಡಲು ಹೊರಟವರೂ ಹೆಚ್ಚಾಗಿ ಲಾನ್ ಹಾಸಿ, ನಾಲ್ಕು ಕುರ್ಚಿ ಹಾಕಿ ಮುಗಿಸುತ್ತಾರೆ. ಫೋಟೊಗೆ ಚೆಂದ. ಆದರೆ ವಾರವಾರ ಕತ್ತರಿಸುವ ಹುಲ್ಲಿನಲ್ಲಿ ಹೂವಿಲ್ಲ, ಬೀಜವಿಲ್ಲ, ಅಡಗಲು ಮರೆಯಿಲ್ಲ. ಅಲ್ಲಿಗೆ ಚಿಟ್ಟೆ, ಹಕ್ಕಿ ಯಾಕೆ ಬರಬೇಕು ಹೇಳಿ? ಹಕ್ಕಿ, ಹುಳ, ಜೇನಿಗೆ ಉಪಯೋಗವಾಗುವ ತಾರಸಿ ಬೇಕಿದ್ದರೆ ದಾರಿ ಬೇರೆ.

1. ಮೊದಲು ಭಾರದ ಲೆಕ್ಕ

ಗಿಡದ ಆಸೆ ಆಮೇಲೆ. ಮೊದಲು ಸ್ಟ್ರಕ್ಚರಲ್ ಎಂಜಿನಿಯರ್ ಅವರನ್ನು ಕರೆಸಿ. ಜನ ಓಡಾಡುವ ತಾರಸಿಗೆ ನಮ್ಮ ದೇಶದ ಮಾನದಂಡ ಹಿಡಿಯುವ ಹೆಚ್ಚುವರಿ ಭಾರ ಚದರ ಮೀಟರಿಗೆ ಸುಮಾರು 150 ಕೆ.ಜಿ. ಓಡಾಟವಿಲ್ಲದ ತಾರಸಿಗೆ ಅದರ ಅರ್ಧ. ನೆನೆದ ಕೆಂಪುಮಣ್ಣು ನಾಲ್ಕು ಇಂಚು ಹರಡಿದರೇ ಈ ಮಿತಿ ದಾಟುತ್ತದೆ. ಹಾಗಾಗಿ ಲಾರಿಯಲ್ಲಿ ಮಣ್ಣು ತರಿಸಿ ಸುರಿಯುವ ಕೆಲಸ ಬೇಡವೇ ಬೇಡ. ಕೊಕೊಪೀಟ್ (ತೆಂಗಿನ ನಾರಿನ ಪುಡಿ), ಎರೆಗೊಬ್ಬರ, ಸ್ವಲ್ಪ ಮಣ್ಣು, ಪರ್ಲೈಟ್ (ಹಗುರವಾದ ಬಿಳಿ ಹರಳು) ಸೇರಿದ ಹಗುರ ಮಿಶ್ರಣ ಮಾಡಿಸಿ.

ಅದರ ತೂಕ ನೋಡುವುದು ಸುಲಭ. ಹತ್ತು ಲೀಟರ್ ಬಕೆಟ್‌ಗೆ ಮಿಶ್ರಣ ತುಂಬಿ. ಬಕೆಟ್ ತಳಕ್ಕೆ ತೂತಿರಲಿ. ಚೆನ್ನಾಗಿ ನೀರು ಹಾಕಿ, ಬಸಿದ ಮೇಲೆ ತೂಗಿ, ಬಕೆಟ್ ತೂಕ ಕಳೆಯಿರಿ. ಮಿಶ್ರಣ 12 ಕೆ.ಜಿ. ಬಂದರೆ, 10 ಸೆಂ.ಮೀ. ದಪ್ಪಕ್ಕೆ ಚದರ ಮೀಟರಿಗೆ 120 ಕೆ.ಜಿ. ಈ ಅಂಕಿಯನ್ನು ಎಂಜಿನಿಯರ್‌ಗೆ ಕೊಡಿ. ಅವರು ಆಗಲ್ಲ ಅಂದರೆ ಆಗಲ್ಲ, ಅಷ್ಟೇ. ಆಗ ಎಲ್ಲೆಲ್ಲಿ ಕುಂಡ ಇಡಬಹುದು ಎಂದು ಕೇಳಿ. ಸಾಮಾನ್ಯವಾಗಿ ತೊಲೆ, ಕಂಬದ ನೇರಕ್ಕೆ ಇಡಲು ಒಪ್ಪುತ್ತಾರೆ.

2. ಸೋರಿಕೆ ಪರೀಕ್ಷೆ

ವಾಟರ್‌ಪ್ರೂಫಿಂಗ್ ಮಾಡಿಸಿದ ಮೇಲೆ ನೀರು ಹೋಗುವ ಪೈಪಿನ ಬಾಯಿ ಮುಚ್ಚಿ, ಒಂದೆರಡು ಇಂಚು ನೀರು ನಿಲ್ಲಿಸಿ. ಎರಡು ದಿನ ಬಿಟ್ಟು ಕೆಳಗಿನ ಮಹಡಿಯ ಸೀಲಿಂಗ್ ನೋಡಿ. ಒಂದು ಕಲೆ ಕಂಡರೂ ಮುಂದೆ ಹೋಗಬೇಡಿ. ಮಣ್ಣು ಹಾಕಿದ ಮೇಲೆ ಸೋರಿಕೆ ಹುಡುಕುವ ಗೋಳು ಯಾರಿಗೂ ಬೇಡ. ಜನವರಿ, ಫೆಬ್ರುವರಿಯಲ್ಲೇ ಇದು ಮುಗಿದರೆ ಜೂನ್ ಮಳೆಗೆ ಗಿಡ ನೆಡಬಹುದು.

ವಾಟರ್‌ಪ್ರೂಫಿಂಗ್ ಮೇಲೆ ಬೇರು ಇಳಿಯದಂತೆ ದಪ್ಪ ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ಡ್ರೈನ್ ಸೆಲ್ (ನೀರು ಬಸಿದು ಹೋಗಲು ಹಾಸುವ ತೂತುಗಳ ಪ್ಲಾಸ್ಟಿಕ್ ಹಲಗೆ), ಮಣ್ಣು ಜಾರದಂತೆ ಜಿಯೊಟೆಕ್ಸ್‌ಟೈಲ್ ಬಟ್ಟೆ, ಕೊನೆಗೆ ಮಿಶ್ರಣ. ಪ್ಯಾರಾಪೆಟ್ ಉದ್ದಕ್ಕೂ ಒಂದಡಿ ಬರೀ ಜಲ್ಲಿ ಬಿಡಿ. ಟ್ಯಾಂಕ್, ಸೋಲಾರ್, ಬೆಂಕಿ ಬಿದ್ದರೆ ಓಡಿಬರುವ ಮೆಟ್ಟಿಲು ಇವುಗಳ ದಾರಿಗೆ ಅಡ್ಡ ಬರಬಾರದು.

3. ಎಲ್ಲ ಕಡೆ ಒಂದೇ ದಪ್ಪ ಬೇಡ

ಸ್ವಿಟ್ಜರ್‌ಲ್ಯಾಂಡಿನ ಬಾಸೆಲ್ ನಗರದಲ್ಲಿ ಹೊಸ ಸಮತಟ್ಟು ಚಾವಣಿಗಳು ಹಸಿರಾಗಿರಬೇಕೆಂಬ ಕಾನೂನು 2002ರಿಂದ ಇದೆ. ಅಲ್ಲಿ ಜೇಡ, ಜೀರುಂಡೆಗಳನ್ನು ಗಮನಿಸಿದವರು ಕಂಡುಕೊಂಡ ವಿಷಯ ನಮಗೂ ಹೊಂದುತ್ತದೆ: ಮಣ್ಣು ಕೆಲವು ಕಡೆ ತೆಳ್ಳಗೆ, ಕೆಲವು ಕಡೆ ದಿಬ್ಬದಂತೆ ಇದ್ದರೆ ಬಗೆಬಗೆಯ ಜೀವಿಗಳು ನೆಲೆಸುತ್ತವೆ. ಭಾರ ತಾಳುವ ಕಡೆ ದಿಬ್ಬ ಮಾಡಿ. ಒಂದು ಮೂಲೆಯಲ್ಲಿ ಮಣ್ಣು ಬರಿದಾಗಿಯೇ ಇರಲಿ. ನೆಲದಲ್ಲಿ ಗೂಡು ತೋಡುವ ಒಂಟಿ ಜೇನುಗಳಿಗೆ ಅದೇ ಬೇಕು. ಒಣ ಕೊಂಬೆ, ಕಲ್ಲುಗುಡ್ಡೆ, ಬಿದಿರಿನ ತುಂಡು ಇಟ್ಟರೆ ಇನ್ನೂ ಒಳ್ಳೆಯದು. ನೋಡುವವರಿಗೆ ಕೊಂಚ ಗಲೀಜು ಅನ್ನಿಸಬಹುದು. ಅನ್ನಿಸಲಿ ಬಿಡಿ.

4. ಯಾವ ಗಿಡ?

ಹೂವಿನ ಗಿಡ ಎಲ್ಲರೂ ಹಾಕುತ್ತಾರೆ. ಮರಿಹುಳು ತಿನ್ನುವ ಎಲೆಯ ಗಿಡ ಹಾಕುವವರು ಕಡಿಮೆ. ಹೂವಿದ್ದರೆ ಚಿಟ್ಟೆ ಬಂದು ಹೋಗುತ್ತದೆ. ಎಲೆ ಇದ್ದರೆ ಮೊಟ್ಟೆ ಇಡುತ್ತದೆ.

ಕರಿಬೇವು, ನಿಂಬೆಯನ್ನು ದೊಡ್ಡ ಕುಂಡದಲ್ಲಿ ನೆಡಿ. ಎಲೆಯ ಮೇಲೆ ಹಕ್ಕಿ ಹಿಕ್ಕೆಯಂಥ ಕಪ್ಪು-ಬಿಳಿ ಚುಕ್ಕೆ ಕಂಡರೆ ಒರೆಸಲು ಹೋಗಬೇಡಿ, ಹತ್ತಿರ ಹೋಗಿ ನೋಡಿ. ಅದು ನಿಂಬೆ ಚಿಟ್ಟೆಯ ಮರಿಹುಳು ಇರಬಹುದು. ಬೆಳೆದ ಮೇಲೆ ಎಲೆಯ ಹಸಿರು ಬಣ್ಣಕ್ಕೇ ತಿರುಗುತ್ತದೆ. ಕಡ್ಡಿಯಿಂದ ಮೆಲ್ಲಗೆ ಮುಟ್ಟಿದರೆ ತಲೆಯ ಹಿಂದಿನಿಂದ ಕವಲೊಡೆದ ಕೊಂಬು ಹೊರಚಾಚಿ ಘಾಟು ವಾಸನೆ ಬಿಡುತ್ತದೆ. ಹೋಟೆಲಿನವರಿಗೆ ಒಗ್ಗರಣೆಗೂ ಎಲೆ ಸಿಕ್ಕಿತು, ಚಿಟ್ಟೆಗೂ ಸಿಕ್ಕಿತು!

ಎಕ್ಕದ ಗಿಡಕ್ಕೆ ಕಿತ್ತಳೆ ಬಣ್ಣದ ಪ್ಲೇನ್ ಟೈಗರ್ ಚಿಟ್ಟೆ ಬರುತ್ತದೆ. ಎಕ್ಕದ ಹಾಲು ಕಣ್ಣಿಗೆ ಬಿದ್ದರೆ ಅಪಾಯ, ಜನ ಕೂರುವ ಜಾಗದಿಂದ ದೂರ ಇಡಿ. ಈಶ್ವರಿ ಬಳ್ಳಿಗೆ ಕ್ರಿಮ್ಸನ್ ರೋಸ್ ಚಿಟ್ಟೆ ಬರಬಹುದು. ತೆಳು ಮಣ್ಣಿಗೆ ದೊಡ್ಡಪತ್ರೆ, ಕಾಡುಬಸಳೆ, ಟೇಬಲ್ ರೋಸ್ ಸಾಕು. ತುಳಸಿ, ಕಾಮಕಸ್ತೂರಿಯ ಹೂತೆನೆ ಚಿವುಟದೆ ಬಿಟ್ಟರೆ ತುಡುವೆ, ಕೋಲುಜೇನಿನಂಥ ಜೇನುಹುಳುಗಳು ಬರುತ್ತವೆ. ಕೇಪಳಕ್ಕೆ ಸೂರಕ್ಕಿ. ಲಂಟಾನ ಮಾತ್ರ ಬೇಡ. ಅದು ಬಂಡೀಪುರದ ಕಾಡನ್ನು ಆವರಿಸಿರುವುದೇ ಸಾಕು.

5. ನೀರು, ಕಾಳು

2024ರ ಬೇಸಿಗೆಯಲ್ಲಿ ಕುಡಿಯುವ ನೀರನ್ನು ತೋಟಕ್ಕೆ ಬಳಸಬಾರದೆಂದು ಬೆಂಗಳೂರು ಜಲಮಂಡಳಿ ಆದೇಶಿಸಿ, ತಪ್ಪಿದರೆ 5,000 ರೂಪಾಯಿ ದಂಡ ಎಂದಿತ್ತು. ಹಾಗಾಗಿ ಕಟ್ಟಡದ ಎಸ್‌ಟಿಪಿಯಲ್ಲಿ (ಕೊಳಚೆ ನೀರು ಶುದ್ಧೀಕರಿಸುವ ಘಟಕ) ಸಂಸ್ಕರಿಸಿದ ನೀರನ್ನು ಡ್ರಿಪ್‌ಗೆ (ಹನಿ ನೀರಾವರಿ) ಜೋಡಿಸಿಕೊಳ್ಳುವುದೇ ಜಾಣತನ. ಹಕ್ಕಿಗೆ ಅಗಲವಾದ, ಆಳವಿಲ್ಲದ ಮಣ್ಣಿನ ಬೋಗುಣಿ ಇಟ್ಟು ಮಧ್ಯೆ ಒಂದು ಕಲ್ಲಿಡಿ. ದಿನಾ ಉಜ್ಜಿ ನೀರು ಬದಲಿಸಿ. ಇಲ್ಲದಿದ್ದರೆ ಸೊಳ್ಳೆ, ಆಮೇಲೆ ಡೆಂಗಿ. ಕಾಳು ಚೆಲ್ಲಬೇಡಿ. ಬರುವುದು ಗುಬ್ಬಚ್ಚಿಯಲ್ಲ, ಪಾರಿವಾಳ ಮತ್ತು ಇಲಿ.

6. ಮಾಲಿಯ ಜೊತೆ ಒಪ್ಪಂದ

ನನ್ನ ಪ್ರಕಾರ ಇಡೀ ಕೆಲಸ ಕೆಡುವುದು ಇಲ್ಲೇ. ತೋಟದ ಗುತ್ತಿಗೆಯಲ್ಲಿ 'ತಿಂಗಳಿಗೊಮ್ಮೆ ಔಷಧಿ ಸಿಂಪಡಣೆ' ಎಂಬ ಸಾಲು ಹೇಗೋ ನುಸುಳಿರುತ್ತದೆ. ಅದನ್ನು ಹೊಡೆದು ಹಾಕಿ. ಎಲೆ ತೂತಾದರೆ ದೂರು ಹೇಳುವಂಥದ್ದಲ್ಲ, ಒಣಗಿದ ತೆನೆ ಕಸವಲ್ಲ ಎಂದು ಮಾಲಿಗೂ ಮೇಲಿನ ಮ್ಯಾನೇಜರ್‌ಗೂ ಮೊದಲೇ ಹೇಳಿ. ಕಟ್ಟಡಕ್ಕೆ ಹೆಜ್ಜೇನು ಕಟ್ಟಿದರೆ ಗಾಬರಿಯಲ್ಲಿ ಔಷಧಿ ಹೊಡೆಸಬೇಡಿ. ಗೂಡಿನ ಪಕ್ಕದ ಕಿಟಕಿ ಮುಚ್ಚಿ, ಹತ್ತಿರ ಯಾರೂ ಹೋಗದಂತೆ ಮಾಡಿ. ಹೆಜ್ಜೇನು ಋತು ಕಳೆದ ಮೇಲೆ ತಾನೇ ಎದ್ದುಹೋಗುತ್ತದೆ. ಜನ ಓಡಾಡುವ ಕಡೆಯೇ ಕಟ್ಟಿದ್ದರೆ ಬಲ್ಲವರನ್ನು ಕರೆಸಿ.

ಮಾಲಿ ತಪ್ಪದೆ ಮಾಡಬೇಕಾದ್ದು ಒಂದಿದೆ. ಹಕ್ಕಿ ಹಿಕ್ಕೆಯಲ್ಲಿ ಆಲ, ಅರಳಿ ಬೀಜ ಬರುತ್ತವೆ. ಪ್ಯಾರಾಪೆಟ್ ಸಂದು, ಪೈಪಿನ ಬುಡ ವಾರಕ್ಕೊಮ್ಮೆ ನೋಡಿ, ಎರಡೆಲೆ ಇರುವಾಗಲೇ ಬೇರು ಸಮೇತ ಕೀಳಬೇಕು.