ಹೊಸ ಡ್ರೈವ್ ಕಂಪ್ಯೂಟರಿಗೆ ಕಾಣದಿದ್ದರೆ ಎಲ್ಲಿಂದ ಹುಡುಕಬೇಕು

ಗಂಗಾವತಿಯಲ್ಲಿರುವ ನನ್ನ ಅಕ್ಕನ ಮಗ ಮನೆಯ ಕಂಪ್ಯೂಟರಿಗೆ ಒಂದು ಎಂ.2 ಎಸ್‌ಎಸ್‌ಡಿ (ಮದರ್‌ಬೋರ್ಡಿನ ಸ್ಲಾಟಿನಲ್ಲೇ ಕೂರುವ ಪಟ್ಟಿಯಂಥ ಡ್ರೈವ್) ತರಿಸಿ, ತಾನೇ ಕೂರಿಸಿ, ಬಳ್ಳಾರಿಯಲ್ಲಿದ್ದ ನನಗೆ ಫೋನ್ ಮಾಡಿ, "ಮಾಮಾ, ಹೊಸಾ ಡಿಸ್ಕ್ ತೋರಿಸವಲ್ದು, ಕೆಟ್ಟದ್ದನ್ನ ಕೊಟ್ಟಾರ" ಎಂದನು. ಡ್ರೈವಿನ ಎರಡೂ ಬದಿಯ ಫೋಟೊ ಕಳಿಸಲು ಹೇಳಿದೆ. ಬಂಗಾರದ ಬಣ್ಣದ ತುದಿಯಲ್ಲಿ ಎರಡು ಕಚ್ಚುಗಳಿದ್ದವು, ಲೇಬಲ್ ಮೇಲೆ ಸಣ್ಣಕ್ಷರದಲ್ಲಿ ಸಾಟಾ ಎಂದಿತ್ತು. ಮದರ್‌ಬೋರ್ಡಿನ ಕೈಪಿಡಿಯಲ್ಲಿ ನೋಡಿದರೆ ಆ ಸ್ಲಾಟ್ ಎನ್‌ವಿಎಂಇ ಮಾದರಿಗೆ ಮಾತ್ರ ಎಂದಿತ್ತು. ಸಾಟಾ, ಎನ್‌ವಿಎಂಇ ಇವೆರಡೂ ಡ್ರೈವ್ ಕಂಪ್ಯೂಟರಿನೊಂದಿಗೆ ಮಾತಾಡುವ ಬೇರೆ ಬೇರೆ ಭಾಷೆಗಳು. ಡ್ರೈವೂ ಸರಿಯಿತ್ತು, ಕಂಪ್ಯೂಟರೂ ಸರಿಯಿತ್ತು, ಒಂದಕ್ಕೊಂದು ಹೊಂದುವ ಜಾತಿ ಮಾತ್ರ ಆಗಿರಲಿಲ್ಲ. ಪರಿಚಿತರ ಮನೆಗಳಲ್ಲಿ ನಾನು ಕಂಡ ಡ್ರೈವ್ ತೊಂದರೆಗಳಲ್ಲಿ ಹೆಚ್ಚಿನವು ಇಂಥವೇ.

ಆದ್ದರಿಂದ ಡ್ರೈವ್ ಕಾಣದಿದ್ದಾಗ ಅದು ಎಲ್ಲಿಯವರೆಗೆ ಕಾಣುತ್ತದೆ ಎಂಬುದನ್ನು ಮೊದಲು ಗೊತ್ತುಮಾಡಿಕೊಳ್ಳಬೇಕು. ಕಂಪ್ಯೂಟರ್ ಶುರುವಾಗುವಾಗ ಡಿಲೀಟ್ ಅಥವಾ ಎಫ್2 ಕೀಲಿಯನ್ನು ಒತ್ತಿ ಬಯಾಸ್ (ವಿಂಡೋಸಿಗೂ ಮೊದಲು ಏಳುವ ಮೂಲ ತಂತ್ರಾಂಶ) ಪರದೆಗೆ ಹೋಗಿ, ಅಲ್ಲಿನ ಪಟ್ಟಿಯಲ್ಲಿ ಡ್ರೈವಿನ ಹೆಸರಿದೆಯೇ ನೋಡಿರಿ. ಅಲ್ಲಿ ಇಲ್ಲದಿದ್ದರೆ ದೋಷವು ಸಾಮಾನ್ಯವಾಗಿ ಕೇಬಲ್, ಸ್ಲಾಟ್ ಅಥವಾ ಡ್ರೈವಿನ ಜಾತಿಯಲ್ಲಿರುತ್ತದೆ. ವಿಂಡೋಸನ್ನು ಎಷ್ಟು ಸಲ ಹೊಸದಾಗಿ ಹಾಕಿದರೂ ಪ್ರಯೋಜನವಿಲ್ಲ. ಬಯಾಸ್‌ನಲ್ಲಿ ಹೆಸರಿದ್ದು ವಿಂಡೋಸ್‌ನಲ್ಲಿ ಇಲ್ಲದಿದ್ದರೆ ಸಾಮಾನ್ಯವಾಗಿ ಕ್ಯಾಬಿನೆಟ್ ಬಿಚ್ಚಬೇಕಾಗಿಲ್ಲ.

ಬಿಚ್ಚಲೇಬೇಕಾದಾಗ ಪ್ಲಗ್ ಕಿತ್ತು, ಪವರ್ ಗುಂಡಿಯನ್ನು ಒಮ್ಮೆ ಒತ್ತಿ ಉಳಿದ ವಿದ್ಯುತ್ತನ್ನು ಹೋಗಲಾಡಿಸಿ, ಕ್ಯಾಬಿನೆಟ್ಟಿನ ಬರಿಯ ಲೋಹವನ್ನು ಮುಟ್ಟಿದ ನಂತರವೇ ಒಳಗೆ ಕೈಹಾಕಬೇಕು. ಸಂಡೂರು ಕಡೆಯ ಅದಿರಿನ ಕೆಂಧೂಳು ನಮ್ಮ ಕ್ಯಾಬಿನೆಟ್‌ಗಳ ಒಳಗೂ ಪದರಗಟ್ಟಿರುತ್ತದೆ; ಒಣಗಿದ ಮೆತ್ತನೆಯ ಬ್ರಷ್ಷಿನಿಂದ ಸ್ಲಾಟನ್ನು ಸವರಿ ತೆಗೆಯದೆ ಡ್ರೈವನ್ನು ತೂರಿಸಬೇಡಿರಿ. ಎಂ.2 ಅಲ್ಲದ ಸಾಟಾ ಡ್ರೈವಿಗೆ ಎರಡು ಕೇಬಲ್‌ಗಳು ಬೇಕು, 7 ಪಿನ್ನಿನದು ದತ್ತಾಂಶಕ್ಕೆ, 15 ಪಿನ್ನಿನದು ವಿದ್ಯುತ್ತಿಗೆ. ಕೆಲಸ ಮಾಡುತ್ತಿರುವ ಹಳೆಯ ಡ್ರೈವಿನ ಕೇಬಲ್‌ಗಳನ್ನೇ ಹೊಸದಕ್ಕೆ ಹಾಕಿ ನೋಡಿದರೆ ಕೇಬಲ್ ಮೇಲಿನ ಅನುಮಾನ ಒಂದೇ ನಿಮಿಷದಲ್ಲಿ ಪರಿಹಾರವಾಗುತ್ತದೆ.

ಎಂ.2 ವಿಷಯದಲ್ಲಿ ಹೆಚ್ಚು ಎಚ್ಚರ ಬೇಕು. ಎಂ.2 ಎಂಬುದು ಆಕಾರದ ಹೆಸರೇ ಹೊರತು ಒಳಗಿನ ಭಾಷೆಯ ಹೆಸರಲ್ಲ. 2280 ಎಂದರೆ 22 ಮಿಲಿಮೀಟರ್ ಅಗಲ, 80 ಮಿಲಿಮೀಟರ್ ಉದ್ದ ಎಂದಷ್ಟೇ ಅರ್ಥ. ಒಂದೇ ಆಕಾರದ ಡ್ರೈವ್ ಸಾಟಾ ಆಗಿರಬಹುದು, ಎನ್‌ವಿಎಂಇ ಆಗಿರಬಹುದು. ಒಂದು ಕಚ್ಚಿದ್ದರೆ ಬಹುಮಟ್ಟಿಗೆ ಎನ್‌ವಿಎಂಇ, ಎರಡಿದ್ದರೆ ಬಹುಮಟ್ಟಿಗೆ ಸಾಟಾ. ಆದರೆ ಎರಡು ಕಚ್ಚಿನ ಎನ್‌ವಿಎಂಇ ಡ್ರೈವ್‌ಗಳೂ ಇರುವುದರಿಂದ ಲೇಬಲ್ಲನ್ನೂ ಕೈಪಿಡಿಯನ್ನೂ ನಂಬಬೇಕು, ಕಣ್ಣಳತೆಯನ್ನಲ್ಲ. ಕೆಲವು ಮದರ್‌ಬೋರ್ಡುಗಳಲ್ಲಿ ಎಂ.2 ಸ್ಲಾಟ್ ತುಂಬಿದ ಕೂಡಲೇ ಒಂದೆರಡು ಸಾಟಾ ಪೋರ್ಟ್‌ಗಳು ಕೆಲಸ ನಿಲ್ಲಿಸುತ್ತವೆ. ಹೊಸ ಡ್ರೈವ್ ಬಂದು ಹಳೆಯದು ಮಾಯವಾಯಿತೆಂದು ಗಾಬರಿಯಾಗುವವರು ಹಳೆಯದರ ಕೇಬಲ್ಲನ್ನು ಬೇರೆ ಪೋರ್ಟಿಗೆ ಬದಲಿಸಿದರೆ ಸಾಕು. ಅಕ್ಕನ ಮಗ ತನ್ನ ಸಾಟಾ ಡ್ರೈವನ್ನು ಯುಎಸ್‌ಬಿ ಡಬ್ಬಿಯಲ್ಲಿ ಹಾಕಿ ಬ್ಯಾಕಪ್ಪಿಗೆ ಬಳಸುತ್ತಿದ್ದಾನೆ. ಆ ಡಬ್ಬಿಯೂ ಸಾಟಾ ಎಂ.2ಗೆ ಒಗ್ಗುವಂಥದೇ ಆಗಿರಬೇಕು.

ಸುಮಾರು 2014ಕ್ಕಿಂತ ಹಿಂದಿನ ಮದರ್‌ಬೋರ್ಡುಗಳಿಗೆ ಪಿಸಿಐಇ (ಹೆಚ್ಚುವರಿ ಕಾರ್ಡುಗಳ ಸ್ಲಾಟ್) ಕಾರ್ಡಿನ ಮೂಲಕ ಎನ್‌ವಿಎಂಇ ಜೋಡಿಸಿದರೆ ವಿಂಡೋಸ್‌ನಲ್ಲಿ ಡ್ರೈವ್ ಕಾಣುತ್ತದೆ, ಆದರೆ ಸಾಮಾನ್ಯವಾಗಿ ಅದರಿಂದ ಬೂಟ್ ಆಗುವುದಿಲ್ಲ, ಅಂದರೆ ಕಂಪ್ಯೂಟರ್ ಶುರುವಾಗುವುದಿಲ್ಲ. ಅಂಥ ಯಂತ್ರಕ್ಕೆ 2.5 ಇಂಚಿನ ಸಾಟಾ ಎಸ್‌ಎಸ್‌ಡಿಯೇ ಸೂಕ್ತವೆಂಬುದು ನನ್ನ ಅಭಿಪ್ರಾಯ. ಪೋರ್ಟ್ ಹಳೆಯ ಸಾಟಾ 2 ಆಗಿದ್ದರೂ ಹೊಸ ಡ್ರೈವ್ ಅದರ ವೇಗಕ್ಕೆ ಇಳಿದು ಕೆಲಸ ಮಾಡುತ್ತದೆ, ಹಾರ್ಡ್ ಡಿಸ್ಕಿಗಿಂತ ಚುರುಕಾಗಿಯೇ ಇರುತ್ತದೆ.

ಬಯಾಸ್‌ನಲ್ಲಿ ಡ್ರೈವ್ ಇದ್ದು, ವಿಂಡೋಸ್ ಹಾಕುವಾಗ ಮಾತ್ರ ಪಟ್ಟಿ ಖಾಲಿ ಬರುವುದು ಇಂಟೆಲ್‌ನ 11ನೇ ತಲೆಮಾರಿನಿಂದೀಚಿನ ಲ್ಯಾಪ್‌ಟಾಪ್‌ಗಳಲ್ಲಿ ಹೆಚ್ಚು. ವಿಎಂಡಿ ಎಂಬ ವ್ಯವಸ್ಥೆ ಡ್ರೈವನ್ನು ತನ್ನ ಹಿಡಿತದಲ್ಲಿಟ್ಟುಕೊಂಡಿರುವುದೇ ಇದಕ್ಕೆ ಕಾರಣ. ಲ್ಯಾಪ್‌ಟಾಪ್ ತಯಾರಕರ ತಾಣದಿಂದ ಇಂಟೆಲ್ ರ‍್ಯಾಪಿಡ್ ಸ್ಟೋರೇಜ್ ಡ್ರೈವರನ್ನು (ಡ್ರೈವನ್ನು ವಿಂಡೋಸಿಗೆ ಪರಿಚಯಿಸುವ ತಂತ್ರಾಂಶವನ್ನು) ಪೆನ್‌ಡ್ರೈವಿಗೆ ಇಳಿಸಿಕೊಂಡು, ಅದೇ ಪರದೆಯಲ್ಲಿರುವ ಲೋಡ್ ಡ್ರೈವರ್ ಆಯ್ಕೆಯಿಂದ ಅದನ್ನು ತೋರಿಸಿದರೆ ಪಟ್ಟಿ ತುಂಬಿಕೊಳ್ಳುತ್ತದೆ. ಡ್ರೈವ್ ಬೇರೆ, ಡ್ರೈವರ್ ಬೇರೆ ಎಂಬುದನ್ನು ಅಂಗಡಿಯವರೊಂದಿಗೆ ಫೋನಿನಲ್ಲಿ ಮಾತಾಡುವಾಗ ಒತ್ತಿ ಹೇಳುವುದು ಒಳ್ಳೆಯದು.

ಹಳೆಯ ವಿಂಡೋಸ್ ಇರುವ ಡ್ರೈವನ್ನು ಹೊಸ ಯಂತ್ರಕ್ಕೆ ಹಾಕಿದಾಗ ಬೂಟ್ ಆಗದಿದ್ದರೆ ಎರಡು ಕಾರಣಗಳನ್ನು ಸಂಶಯಿಸಬೇಕು. ಮೊದಲನೆಯದು, ಹಳೆಯ ಡ್ರೈವ್ ಎಂಬಿಆರ್ ಎಂಬ ಹಳೆಯ ಪದ್ಧತಿಯಲ್ಲಿ ವಿಂಗಡಣೆಯಾಗಿದ್ದು ಹೊಸ ಯಂತ್ರ ಯುಇಎಫ್‌ಐ ಎಂಬ ಹೊಸ ಬಯಾಸ್ ವಿಧಾನದಲ್ಲಿ ಜಿಪಿಟಿ ಎಂಬ ಹೊಸ ವಿಂಗಡಣೆಯನ್ನು ನಿರೀಕ್ಷಿಸುವುದು. ವಿಂಡೋಸ್ 10ರ 2017ರ ಆವೃತ್ತಿಯಿಂದ ಎಂಬಿಆರ್2ಜಿಪಿಟಿ ಎಂಬ ಸಾಧನ ಅದರೊಳಗೇ ಇದ್ದು, ಕಡತಗಳನ್ನು ಅಳಿಸದೆ ಪದ್ಧತಿಯನ್ನು ಬದಲಿಸುತ್ತದೆ. ಆದರೂ ಬ್ಯಾಕಪ್ ಇಲ್ಲದೆ ಅದನ್ನು ಮುಟ್ಟಬಾರದು. ಎರಡನೆಯದು, ಬಯಾಸ್‌ನಲ್ಲಿ ಸಾಟಾ ಡ್ರೈವನ್ನು ನಡೆಸುವ ವಿಧಾನವು ಎಎಚ್‌ಸಿಐ, ಐಡಿಇ, ರೇಡ್ ಇವುಗಳಲ್ಲಿ ಒಂದರಿಂದ ಇನ್ನೊಂದಕ್ಕೆ ಬದಲಾಗಿ ನೀಲಿ ಪರದೆ ಬರುವುದು. ನಮ್ಮ ಕಡೆ ಕರೆಂಟು ಹೋಗಿ ಬಂದ ಮರುಕ್ಷಣವೇ ಈ ತೊಂದರೆ ಕಾಣಿಸಿಕೊಂಡು, ಜೊತೆಗೆ ಗಡಿಯಾರವೂ ಹಳೆಯ ವರ್ಷವನ್ನು ತೋರಿಸುತ್ತಿದ್ದರೆ, ಡ್ರೈವನ್ನು ದೂರದೆ ಮದರ್‌ಬೋರ್ಡಿನ ಮೇಲಿರುವ ಸಿಆರ್2032 ಬಟನ್ ಸೆಲ್ಲನ್ನು ಬದಲಿಸಿ, ಬಯಾಸ್‌ನಲ್ಲಿ ಮೊದಲಿದ್ದ ವಿಧಾನವನ್ನೇ ಮತ್ತೆ ಆರಿಸಿರಿ. ಸೆಲ್ ಸತ್ತಿದ್ದರಿಂದ ಬಯಾಸ್ ತನ್ನ ನೆನಪನ್ನು ಕಳೆದುಕೊಂಡಿರುತ್ತದೆ, ಅಷ್ಟೆ. ಡ್ರೈವಿಗೆ ಬೀಗ ಹಾಕುವ ವಿಂಡೋಸ್‌ನ ಬಿಟ್‌ಲಾಕರ್ ಚಾಲ್ತಿಯಲ್ಲಿರುವ ಯಂತ್ರದಲ್ಲಿ ಮಾತ್ರ ಇಂಥ ಯಾವ ಬದಲಾವಣೆಗೂ ಮುನ್ನ 48 ಅಂಕಿಗಳ ರಿಕವರಿ ಕೀಯನ್ನು ಕಾಗದದ ಮೇಲೆ ಬರೆದಿಟ್ಟುಕೊಳ್ಳಬೇಕು. ಅದಿಲ್ಲದಿದ್ದರೆ ನಿಮ್ಮ ಕಡತಗಳು ನಿಮಗೇ ಸಿಗದೆ ಹೋಗಬಹುದು.

ವಿಂಡೋಸ್ ನಡೆಯುತ್ತಿದ್ದು ಎರಡನೆಯ ಡ್ರೈವ್ ಮಾತ್ರ ಕಾಣದಿದ್ದರೆ ಸ್ಟಾರ್ಟ್ ಗುಂಡಿಯ ಮೇಲೆ ಬಲ ಕ್ಲಿಕ್ ಮಾಡಿ ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆಯಿರಿ. ಹೊಚ್ಚಹೊಸ ಡ್ರೈವಾದರೆ ಇನಿಶಿಯಲೈಸ್ ಮಾಡಲು (ಬಳಕೆಗೆ ಸಿದ್ಧಗೊಳಿಸಲು) ಅದು ಕೇಳುತ್ತದೆ; 2 ಟಿಬಿಗಿಂತ ದೊಡ್ಡದಾದರೆ ಜಿಪಿಟಿಯನ್ನೇ ಆರಿಸಬೇಕು, ಏಕೆಂದರೆ ಎಂಬಿಆರ್ ಅದಕ್ಕಿಂತ ಮುಂದಿನ ಜಾಗವನ್ನು ಎಣಿಸಲಾರದು. ಹಳೆಯ ಫೋಟೊಗಳಿರುವ ಡ್ರೈವಿಗೂ ಅದೇ ಪ್ರಶ್ನೆ ಬಂದರೆ ಎಂದಿಗೂ ಒಪ್ಪಿಕೊಳ್ಳದೆ, ರದ್ದುಮಾಡಿ, ಕೇಬಲ್ ಬದಲಿಸಿ ಮತ್ತೆ ನೋಡಬೇಕು. ಕೆಲವೊಮ್ಮೆ ಡ್ರೈವಿಗೆ ಡಿ, ಇ ಮುಂತಾದ ಅಕ್ಷರವೊಂದನ್ನು ಕೊಡುವುದಷ್ಟೇ ಬಾಕಿಯಿರುತ್ತದೆ. 1 ಟಿಬಿ ಕೊಂಡದ್ದು 931 ಜಿಬಿ ಎಂದು ಕಂಡರೆ ಅದು ಮೋಸವಲ್ಲ, ತಯಾರಕರ ಎಣಿಕೆಗೂ ವಿಂಡೋಸ್ ಎಣಿಕೆಗೂ ಇರುವ ವ್ಯತ್ಯಾಸ.

ಎಲ್ಲವೂ ಸರಿಯಾಗಿ, ಬೆಳಗ್ಗೆ ಚುರುಕಾಗಿದ್ದ ಎನ್‌ವಿಎಂಇ ಮಧ್ಯಾಹ್ನ ದೊಡ್ಡ ಕಡತಗಳನ್ನು ನಕಲಿಸುವಾಗ ತೆವಳಿದರೆ ಅದು ಬಿಸಿಲಿನ ಕಾಟ. ಮೇ ತಿಂಗಳಲ್ಲಿ ರಾಯಚೂರು, ಬಳ್ಳಾರಿಗಳ ಹೊರಗಿನ ಬಿಸಿಯೇ 40 ಡಿಗ್ರಿ ದಾಟಿರುವಾಗ ಡ್ರೈವ್ ಬೇಗನೆ 70–80 ಡಿಗ್ರಿ ಮುಟ್ಟಿ ತಾನಾಗಿಯೇ ವೇಗವನ್ನು ತಗ್ಗಿಸಿಕೊಳ್ಳುತ್ತದೆ. ಅದರ ಮೇಲೊಂದು ಹೀಟ್‌ಸಿಂಕ್ (ಬಿಸಿ ಹೀರುವ ಲೋಹದ ಪಟ್ಟಿ) ಅಂಟಿಸಿ, ಕ್ಯಾಬಿನೆಟ್ಟನ್ನು ಗೋಡೆಯಿಂದ ಒಂದು ಗೇಣು ಈಚೆಗೆ ಸರಿಸಿರಿ.

ಹೊಸ ಡ್ರೈವಿನಲ್ಲಿ ಹೊಸದಾಗಿ ವಿಂಡೋಸ್ ಹಾಕಿ ಹಳೆಯ ಕಡತಗಳನ್ನು ತೆರೆದಾಗ ಕನ್ನಡದ ಅರ್ಜಿಗಳೂ ಲಗ್ನಪತ್ರಿಕೆಗಳೂ ಅರ್ಥವಿಲ್ಲದ ಚಿಹ್ನೆಗಳ ಸಾಲಾಗಿ ಕಂಡರೆ ನಕಲಿಸುವಾಗ ಡ್ರೈವ್ ಕಡತಗಳನ್ನು ಕೆಡಿಸಿತೆಂದು ಭಾವಿಸಬೇಡಿರಿ. ಅವು ಹಳೆಯ ನುಡಿ ಅಥವಾ ಬರಹ ಫಾಂಟ್‌ಗಳಲ್ಲಿ ಟೈಪ್ ಆದವು. ಹಳೆಯ ಡ್ರೈವಿನ ಫಾಂಟ್ಸ್ ಫೋಲ್ಡರಿನಿಂದ ಅವೇ ಫಾಂಟ್‌ಗಳನ್ನು ತಂದು ಹಾಕಿದರೆ ಅಕ್ಷರಗಳು ಮರಳಿ ಬರುತ್ತವೆ. ಅಲ್ಲಿಯವರೆಗೆ ಹಳೆಯ ಡ್ರೈವನ್ನು ಫಾರ್ಮ್ಯಾಟ್ ಮಾಡದೆ ಹಾಗೆಯೇ ಇಟ್ಟಿರಿ.